ಹೊತ್ತಲ್ಲದ ಹೊತ್ತಿನ ಚಪ್ಪಾಳೆ

ಜನಪದ ಹಾಡಿಕೆ ಕೇಳಿ ಬಂದ ಗೆಳೆಯರು ಕಾಫಿಗೆ ಕುಳಿತರೆ, ಹಾಡಿನ ಸೊಗಸಿಗಿಂತ ತಾವು ನಗೆಪಾಟಲಾದ ಸಂಗತಿಯನ್ನೇ ಹೆಚ್ಚು ಹೇಳುತ್ತಾರೆ. ಕಂಸಾಳೆಯವರಿಗೆ ತೀರ ಹತ್ತಿರ ನಿಂತಿದ್ದ ಮಿತ್ರರೊಬ್ಬರು, ಬೀಸಿದ ತಾಳಕ್ಕೆ ಬೆಚ್ಚಿ ಹಿಂದಿದ್ದವರ ಕಾಲು ತುಳಿದರಂತೆ. ನನ್ನ ಪ್ರಮಾದ ಅದಕ್ಕಿಂತ ದೊಡ್ಡದು.

ನಗರದ ಸಭಾಂಗಣವೊಂದರಲ್ಲಿ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಹಾಡುತ್ತಿದ್ದರು. ತಂಬೂರಿ ಹಿಡಿದ ಹಿರಿಯರು ಪದ ನಿಲ್ಲಿಸಿ, ಕಥೆಯನ್ನು ಮಾತಿನಲ್ಲಿ ಮುಂದುವರಿಸಲು ಉಸಿರು ಎಳೆದುಕೊಂಡರು. ಮುಗಿಯಿತೆಂದು ನಾನು ಚಪ್ಪಾಳೆ ತಟ್ಟಿದೆ, ಸಭೆಯೆಲ್ಲ ತಟ್ಟಿತು. ಸಾಕೆಂಬ ಸೂಚನೆಯೆಂದು ತಿಳಿದ ಅವರು ಕೈಮುಗಿದು ಎದ್ದುಬಿಟ್ಟರು. ಹಲಗೂರಿಗೆ ಕಬ್ಬಿಣದ ಭಿಕ್ಷೆಗೆಂದು ಹೋಗಿದ್ದ ಸಿದ್ಧಪ್ಪಾಜಿ ಪಾಂಚಾಳರ ಬಾಗಿಲಲ್ಲೇ ಉಳಿದ!

ತರಗತಿಯಲ್ಲಿ ಈ ಕಾವ್ಯವನ್ನು ಕುರಿತು ಮಾತನಾಡುವವನು ನಾನು. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿದ ಗ್ರಂಥ ನನ್ನ ಮೇಜಿನ ಮೇಲಿದೆ. ಆದರೆ ಅಚ್ಚಿನ ಪುಟದಲ್ಲಿ ಉಸಿರಿಗೆ ಅಕ್ಷರವಿಲ್ಲ. ಹಾಡೂ ಮಾತೂ ಒಂದನ್ನೊಂದು ಹೆಗಲುಗೊಟ್ಟು ರಾತ್ರಿಯಿಡೀ ನಡೆಯುವುದು ಈ ಕಾವ್ಯದ ಗತಿ. ಚಿಕ್ಕಲ್ಲೂರು ಜಾತ್ರೆಗೆ ಬರುವ ಒಕ್ಕಲಿಗೆ ಕಥೆ ಗೊತ್ತು. ಆದ್ದರಿಂದ ಮೌನವೂ ಗೊತ್ತು. ನಮಗೆ ಗೊತ್ತಿರುವುದು ಕಚೇರಿಯ ಶಿಷ್ಟಾಚಾರ ಮಾತ್ರ.

ತಪ್ಪು ನನ್ನದೊಬ್ಬನದೇ ಅಲ್ಲವೆನ್ನಿ. ಒಂದೇ ಸಂಜೆಗೆ ಆರು ಕಲೆಗಳನ್ನು ತುರುಕಿ, ಇರುಳಿನ ಕಾವ್ಯಕ್ಕೆ ಇಪ್ಪತ್ತು ನಿಮಿಷ ಅಳೆದುಕೊಟ್ಟ ವ್ಯವಸ್ಥಾಪಕರಿಗೂ ಇದರಲ್ಲಿ ಪಾಲುಂಟು. ಒಂದೇ ಸಾಲನ್ನಾದರೂ ಪೂರ್ತಿ ಹಾಡಿಸಲಿ. ತಂಬೂರಿ ಕೆಳಗಿಳಿಯುವವರೆಗೆ ನಾವು ಕೈಕಟ್ಟಿ ಕುಳಿತಿರೋಣ. ಮೆಚ್ಚುಗೆ ತಡವಾದರೆ ನಷ್ಟವಿಲ್ಲ. ಅವಸರದ ಮೆಚ್ಚುಗೆ ಅಂದು ಒಂದು ಕಥೆಯನ್ನೇ ನುಂಗಿತು.