ಚಿತ್ರಿಸಿದ ಬಯಲಲ್ಲಿ ನಿಲ್ಲುವ ಪಾತ್ರ

ಸಿನಿಮಾಕ್ಕೆ ಬೇಕಾದರೂ ಕಟ್ಟಲಾಗದ ಕೋಟೆ, ಕಣಿವೆ, ನಗರಗಳನ್ನು ಬಣ್ಣದಲ್ಲಿ ಬರೆದು ಒದಗಿಸುವ ಕಲೆ ಮ್ಯಾಟ್ ಪೇಂಟಿಂಗ್. 1907ರಲ್ಲಿ ನಾರ್ಮನ್ ಡಾನ್ ಕ್ಯಾಮೆರಾದ ಮುಂದೆ ಗಾಜಿನ ಹಲಗೆ ನಿಲ್ಲಿಸಿ, ಕ್ಯಾಲಿಫೋರ್ನಿಯಾದ ಪಾಳುಬಿದ್ದ ಮಿಷನ್ ಕಟ್ಟಡಗಳ ಕುಸಿದ ಭಾಗಗಳನ್ನು ಅದರ ಮೇಲೆ ಬರೆದು ತುಂಬಿಸಿದ. ಇಂದು ಗಾಜಿನ ಜಾಗದಲ್ಲಿ ಫೋಟೊಶಾಪ್ ಇದೆ. ಅಲ್ಲಿ ಬರೆದ ದೃಶ್ಯದೊಳಕ್ಕೆ ಬ್ಲೆಂಡರ್, ಮಾಯಾದಂಥ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡಿದ, ಅಂದರೆ ಕಂಪ್ಯೂಟರ್ ಲೆಕ್ಕಹಾಕಿ ಚಿತ್ರವಾಗಿಸಿದ ಪಾತ್ರವನ್ನು ತಂದು ನಿಲ್ಲಿಸುವ ಕೆಲಸವೇ ಕಾಂಪೋಸಿಟಿಂಗ್. ಪಾತ್ರ ತಾನಾಗಿ ಎಷ್ಟು ಸೊಗಸಾಗಿದೆ ಎಂಬುದು ಇಲ್ಲಿ ಎರಡನೆಯ ಮಾತು. ಚಿತ್ರದ ನಿಯಮಗಳಿಗೆ ಅದು ಎಷ್ಟು ಒಳಪಟ್ಟಿದೆ ಎಂಬುದೇ ಮೊದಲನೆಯದು.

ಕೆಲಸ ಶುರುವಾಗುವುದು ದಿಗಂತ ರೇಖೆಯಿಂದ. ಸಮತಟ್ಟಾದ ನೆಲದ ದೃಶ್ಯದಲ್ಲಿ ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಹಾಯುತ್ತದೆ. ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದ್ದರೆ, 1.8 ಮೀಟರ್ ಎತ್ತರದ ಯೋಧ ಹತ್ತಿರ ನಿಂತರೂ ದೂರ ನಿಂತರೂ ಆ ರೇಖೆ ಅವನ ಹೆಗಲಿನ ಮಟ್ಟದಲ್ಲೇ ದಾಟಬೇಕು. ಪಾತ್ರದ ಅಳತೆಯನ್ನು ಅಂದಾಜಿನಲ್ಲಿ ಹಿಗ್ಗಿಸಿ ಕುಗ್ಗಿಸುವ ಕಷ್ಟ ಇದೊಂದರಿಂದಲೇ ತಪ್ಪುತ್ತದೆ. ಲೆನ್ಸೂ ಹೊಂದಬೇಕು. 24 ಮಿ.ಮೀ. ಲೆನ್ಸಿನ ವಿಸ್ತಾರದಲ್ಲಿ ಬರೆದ ಕಣಿವೆಗೆ 85 ಮಿ.ಮೀ.ನಲ್ಲಿ ರೆಂಡರ್ ಆದ ದೇಹ ಬಂದರೆ, ನೋಡುಗನಿಗೆ ಕಾರಣ ತಿಳಿಯದಿದ್ದರೂ ಕಣ್ಣು ಒಪ್ಪುವುದಿಲ್ಲ.

ಬೆಳಕನ್ನು ರೆಂಡರಿನಲ್ಲೇ ಸರಿಮಾಡಬೇಕು. ಎಡದಿಂದ ಬಿದ್ದ ಬೆಳಕನ್ನು ಆಮೇಲೆ ಬಲಕ್ಕೆ ಹೊರಳಿಸುವ ಬಣ್ಣ ತಿದ್ದುಪಡಿ ಇಲ್ಲ. ನಿಜವಾದ ಸ್ಥಳದ ಬೆಳಕನ್ನು, ಗಾಢ ನೆರಳಿನಿಂದ ಪ್ರಖರ ಬೆಳಕಿನವರೆಗೆ ದಾಖಲಿಸುವ ಎಚ್‌ಡಿಆರ್ ಚಿತ್ರಗಳಲ್ಲಿ ಸೆರೆಹಿಡಿದು, ಕಂಪ್ಯೂಟರ್ ವಸ್ತುಗಳನ್ನು ಅದರಿಂದಲೇ ಬೆಳಗುವ ದಾರಿಯನ್ನು ಪಾಲ್ ಡೆಬೆವೆಕ್ 1998ರಲ್ಲಿ ತೋರಿಸಿದರು. ಬರೆದ ದೃಶ್ಯಕ್ಕೆ ಅಂಥ ಸ್ಥಳವೇ ಇಲ್ಲ. ಆದ್ದರಿಂದ ಚಿತ್ರದ ಆಕಾಶ ಮತ್ತು ನೆಲದ ಬಣ್ಣಗಳನ್ನೇ ಎತ್ತಿಕೊಂಡು ಒರಟಾದ ಗುಮ್ಮಟವೊಂದನ್ನು ಬರೆದು, ಪಾತ್ರದ ಸುತ್ತ ಕವಿಯಬೇಕಾಗುತ್ತದೆ. ಕೆಂಪು ಮಣ್ಣಿನ ಬಯಲಾದರೆ ಗಲ್ಲದ ಕೆಳಗೂ ತೋಳಿನ ಒಳಬದಿಗೂ ಆ ಕೆಂಪು ಏರಬೇಕು.

ನೆರಳು ಎರಡು ಬಗೆಯದು. ಪಾದ ನೆಲಕ್ಕೆ ತಾಗುವಲ್ಲಿ ಬೆಳಕು ನುಸುಳದ ಕಿರಿದಾದ ಗಾಢ ಪಟ್ಟಿ ಒಂದು. ಅದಿಲ್ಲದೆ ಪಾತ್ರ ತೇಲುತ್ತದೆ. ಇನ್ನೊಂದು ನೆಲದ ಮೇಲೆ ಚಾಚುವ ನೆರಳು. ಸೂರ್ಯಬಿಂಬ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ ಕಾಣುವುದರಿಂದ, ಕಿರಣ ಸಾಗುವ ಪ್ರತಿ ಮೀಟರಿಗೆ ನೆರಳಂಚಿನ ಮಸುಕು ಸುಮಾರು 1 ಸೆಂ.ಮೀ. ಹಿಗ್ಗುತ್ತದೆ. ಕಾಲಿನ ನೆರಳು ಚೂಪಾಗಿ, ತಲೆಯ ನೆರಳು ಮೃದುವಾಗಿ ಬರಬೇಕಾದದ್ದು ಇದರಿಂದ. ಬಣ್ಣವಂತೂ ಬರಿಯ ಕಪ್ಪಾಗಕೂಡದು. ಚಿತ್ರಕಾರ ಬಂಡೆಗಳ ನೆರಳಿಗೆ ಬಳಸಿದ ಬಣ್ಣವೇ ಪಾತ್ರದ ನೆರಳಿಗೂ ಸಲ್ಲುತ್ತದೆ.

ಅಂಚಿನ ಲೆಕ್ಕ ಆಲ್ಫಾ ಚಾನೆಲ್‌ನದು. ಒಂದು ಪಿಕ್ಸೆಲ್‌ನಲ್ಲಿ ಪಾತ್ರ ಎಷ್ಟು ಪಾಲು ಆವರಿಸಿದೆ ಎಂಬುದನ್ನು ಅದು ಹೇಳುತ್ತದೆ. ಈ ಪಾಲಿನಿಂದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಗಣಿತವನ್ನು ಲ್ಯೂಕಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದರು. ಮರುವರ್ಷವೇ ‘ಯಂಗ್ ಷರ್ಲಾಕ್ ಹೋಮ್ಸ್’ ಚಿತ್ರದಲ್ಲಿ ಚರ್ಚಿನ ಬಣ್ಣದ ಗಾಜಿನಿಂದ ಇಳಿದು ಬಂದ ಯೋಧ, ಪೂರ್ತಿ ಕಂಪ್ಯೂಟರಿನಲ್ಲಿ ರೂಪುಗೊಂಡು ನಟನೊಡನೆ ಒಂದೇ ದೃಶ್ಯದಲ್ಲಿ ಕಾಣಿಸಿಕೊಂಡ. ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿದೆಯೋ ಇಲ್ಲವೋ ಎಂಬುದನ್ನು ತಪ್ಪಾಗಿ ತಿಳಿದರೆ ಕೂದಲಿನ ಸುತ್ತ ಕಪ್ಪು ಅಥವಾ ಬಿಳಿ ಗೆರೆ ಉಳಿಯುತ್ತದೆ. ಆದರೆ ಗಣಿತ ಸರಿಯಾದರಷ್ಟೇ ಸಾಲದು. ಕುಂಚದ ಅಂಚು ಒಂದು ಕಡೆ ಚೂಪಾಗಿದ್ದು ಇನ್ನೊಂದು ಕಡೆ ಹಿನ್ನೆಲೆಯಲ್ಲಿ ಕರಗಿರುತ್ತದೆ, ರೆಂಡರಿನ ಅಂಚು ಸುತ್ತಲೂ ಒಂದೇ ಸಮ. ನೆರಳಿನ ಬದಿಯ ಗೆರೆಯನ್ನು ಕೈಯಾರೆ ಅಳಿಸಿ, ಮುಖದ ಬಳಿ ಮಾತ್ರ ಚೂಪು ಉಳಿಸುವುದು ಈ ಕಸುಬಿನ ಅತ್ಯಂತ ಸೂಕ್ಷ್ಮ ಹಂತ. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ.

ಬಳಿಕ ಗಾಳಿ. ದೂರ ಹೆಚ್ಚಿದಂತೆ ಕಪ್ಪುಗಳು ಆಕಾಶದ ಬಣ್ಣದತ್ತ ತಿಳಿಯಾಗುತ್ತವೆ. ಪ್ರತಿ ಪಿಕ್ಸೆಲ್ ಕ್ಯಾಮೆರಾದಿಂದ ಎಷ್ಟು ದೂರ ಎಂದು ಹೇಳುವ ರೆಂಡರಿನ ಡೆಪ್ತ್ ಪಾಸ್ ಬಳಸಿ ಪಾತ್ರದ ಮೇಲೆ ಅಷ್ಟೇ ಮಬ್ಬು ಹರಡಬೇಕು. ಅದೇ ದೂರದ ಬಂಡೆಯ ಬಿರುಕಿಗಿಂತ ಪಾತ್ರದ ಬೂಟು ಕಪ್ಪಾಗಿ ಕಂಡರೆ ಮಬ್ಬು ಸಾಲದು ಎಂದರ್ಥ. ಗ್ರೇನ್ ಎಂಬ ಸಣ್ಣ ಕಾಳುಕಾಳು ಮತ್ತು ಲೆನ್ಸಿನ ಮಸುಕು ಕ್ಯಾಮೆರಾಕ್ಕೆ ಸೇರಿದವು. ಅವನ್ನು ಪಾತ್ರಕ್ಕೆ ಬೇರೆಯಾಗಿ ಹಚ್ಚದೆ, ಎಲ್ಲ ಲೇಯರ್‌ಗಳು ಕೂಡಿದ ಮೇಲೆ ಇಡೀ ಚೌಕಟ್ಟಿಗೆ ಒಂದೇ ಸಲ ಕೊಡುವುದು ಸರಿ.