ಅಗ್ಗದ ಪೆಟ್ಟಿಗೆ, ಗಿಟಾರಿನ ದನಿ

ಮಿಯಾಪುರದ ಫ್ಲಾಟುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ನಮ್ಮ ಮಕ್ಕಳಿಗೆ ಈಗ ಧ್ವನಿಮುದ್ರಣದ ಹಂಬಲ. ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಆಡಿಯೋ ಇಂಟರ್‌ಫೇಸ್ ಕೊಂಡರೆ ದನಿ ಸುಧಾರಿಸುವುದೇ? ಒಂದು ಮಟ್ಟಿಗೆ ಹೌದೆನ್ನಬೇಕು. ಕಂಪ್ಯೂಟರಿನ ಮೈಕ್ ತೂತಿಗೆ ನೇರವಾಗಿ ಸಿಕ್ಕಿಸಿದರೆ ಅದರ ಕಡಿಮೆ ಇಂಪೀಡೆನ್ಸ್ ಪಿಕಪ್ಪಿಗೆ ಹೊರೆಯಾಗಿ ತಾರಸ್ವರಗಳ ಹೊಳಪು ಮಾಸುತ್ತದೆ. ಇಂಟರ್‌ಫೇಸಿನಲ್ಲಿ ಗಿಟಾರಿಗೆಂದೇ ಇರುವ, ಸುಮಾರು 10 ಲಕ್ಷ ಓಮ್‌ಗಳ ಇನ್‌ಪುಟ್ ಆ ಹೊಳಪನ್ನು ಉಳಿಸುತ್ತದೆ. ಮೈಕೇ ಬೇಡವಾದ್ದರಿಂದ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಒಳನುಗ್ಗದು.

ಆದರೆ ಒಂಟಿ ಸುರುಳಿಯ ಪಿಕಪ್ ಮನೆಯ ವಿದ್ಯುತ್ತಿನಿಂದ ಹಿಡಿಯುವ 50 ಹರ್ಟ್ಸಿನ ಗುಂಯ್ ಸದ್ದನ್ನು ಆ ಪೆಟ್ಟಿಗೆ ತೊಡೆಯದು; ತುಕ್ಕು ತಂತಿಯನ್ನಾಗಲಿ, ತಪ್ಪಿದ ಶ್ರುತಿಯನ್ನಾಗಲಿ ತಿದ್ದದು. ಆದ್ದರಿಂದ ಕೋಠಿಯ ಗುಜರಾತಿ ಗಲ್ಲಿಗೆ ಓಡುವ ಮೊದಲು ಹೊಸ ತಂತಿ, ಸರಿಯಾದ ಶ್ರುತಿ, ದಿನದ ಸಾಧನೆ ಇರಲಿ. ಆಮೇಲೆ ಅಗ್ಗದ ಒಂದು ಪೆಟ್ಟಿಗೆ ಸಾಕು. ಅದಕ್ಕಿಂತ ದುಬಾರಿಯದು ಕಲಿಯುವ ಕೈಗೆ ಹೆಚ್ಚೇನೂ ಕೊಡದು, ನಮ್ಮ ಸಂಬಳವನ್ನಂತೂ ಕರಗಿಸೀತು.