ಯಾರೂ ಮಾತಾಡೋದೇ ಇಲ್ವಲ್ಲ

ಜಟಿಂಗ ರಾಮೇಶ್ವರ ಬೆಟ್ಟ ಹತ್ತುವಾಗ ಯಾರೂ ವೆಬ್ ಸೀರೀಸ್ ಬಗ್ಗೆ ಮಾತಾಡಲ್ಲ. ಮಾತಾಡೋಕೆ ಉಸಿರೇ ಇರಲ್ಲ. ಆದರೆ ನಮ್ಮ ಚಿಕ್ಕಮ್ಮನಿಗೆ ಐವತ್ತೆಂಟಾದರೂ ಉಸಿರಿಗೇನೂ ಬರ ಇಲ್ಲ. ಅರ್ಧ ದಾರಿಯಲ್ಲಿ ನಾನು ಬಂಡೆಗೆ ಒರಗಿ ನೀರಿನ ಬಾಟಲಿ ತೆಗೆದಾಗ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೇಳಿದಳು:

"ನೀನು ಹೇಳಿದ್ದೆಯಲ್ಲ, ಆ ಸೀರೀಸ್ ನೋಡ್ದೆ ಕಣಪ್ಪ. ಎರಡು ಕಥೆ ನೋಡ್ದೆ. ಅದ್ರಾಗೆ ಯಾರೂ ಮಾತಾಡೋದೇ ಇಲ್ವಲ್ಲ?"

ಆ ಸೀರೀಸ್ ಅಂದರೆ 'ಏಕಂ'. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ಮಾಡಿದ್ದು, ಕರಾವಳಿಯ ಏಳು ಕಥೆಗಳು. ಸಿದ್ಧವಾದ ಮೇಲೂ ಯಾವ ದೊಡ್ಡ ಓಟಿಟಿಯೂ ಕೊಳ್ಳದೆ, ಕೊನೆಗೆ 2024ರ ಜುಲೈನಲ್ಲಿ ಅವರೇ ಒಂದು ವೆಬ್‌ಸೈಟ್ ಕಟ್ಟಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ನಾನು ಮೊದಲ ವಾರವೇ ದುಡ್ಡು ಕೊಟ್ಟು ನೋಡಿದವನು. ಆಫೀಸಿನಲ್ಲಿ ಹತ್ತು ಜನಕ್ಕಾದರೂ ನೋಡಿ ಅಂತ ಹೇಳಿದ್ದೇನೆ. ಚಿಕ್ಕಮ್ಮನ ಟೀವಿಗೂ ನನ್ನ ಹಳೇ ಲ್ಯಾಪ್‌ಟಾಪ್ ಜೋಡಿಸಿ, ಯಾವ ಬಟನ್ ಒತ್ತಬೇಕು ಅಂತ ಚೀಟಿ ಬರೆದು ಅಂಟಿಸಿ ಬಂದಿದ್ದೆ. ಅದಕ್ಕೆ ಸಿಕ್ಕ ವಿಮರ್ಶೆ ಇದು.

'ಏಕಂ' ಮೂಕಿ ಸೀರೀಸ್ ಏನಲ್ಲ. ಮಾತಿದೆ. ಆದರೆ ನಿಧಾನ ಇದೆ, ಜನ ಸುಮ್ಮನೆ ಕೂತಿರುತ್ತಾರೆ, ಕ್ಯಾಮೆರಾಗೂ ಅವಸರ ಇಲ್ಲ. ನನಗೆ ಹಿಡಿಸಿದ್ದೇ ಅದು. ಚಿಕ್ಕಮ್ಮ ಅಂದದ್ದು ಕೇಳಿ ನನ್ನ ತಲೆಯಲ್ಲಿ ಮೊದಲು ಬಂದ ಯೋಚನೆ ಏನು ಅಂತ ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ: "ಪಾಪ, ಸೀರಿಯಲ್ ನೋಡಿ ನೋಡಿ ಟೇಸ್ಟ್ ಕೆಟ್ಟಿದೆ."

ನಮ್ಮ ಲಂಚ್ ಟೇಬಲ್ ನಿಮಗೂ ಗೊತ್ತಿರುತ್ತೆ. ಒಬ್ಬ ಕೊರಿಯನ್ ಮಾತ್ರ ನೋಡ್ತಾನೆ, ಒಬ್ಬಳು 'ಪಂಚಾಯತ್' ಬಿಟ್ಟು ಬೇರೆ ಭಾರತೀಯ ಸೀರೀಸ್ ಮುಟ್ಟಲ್ಲ, ಇನ್ನೊಬ್ಬ ಎರಡನೇ ಸೀಸನ್ ಮೊದಲನೇದರಷ್ಟು ಚೆನ್ನಾಗಿಲ್ಲ ಅಂತ ಪ್ರತಿಯೊಂದಕ್ಕೂ ಹೇಳ್ತಾನೆ. ಸ್ಲೋ ಬರ್ನ್, ಕ್ಯಾರೆಕ್ಟರ್ ಆರ್ಕ್ ಎಲ್ಲ ಅನ್ನ ಸಾರಿನ ಜೊತೆ ನಂಚಿಕೊಳ್ತೀವಿ. ಆ ಟೇಬಲ್ಲಿನಲ್ಲಿ ಚಿಕ್ಕಮ್ಮನಂಥವರಿಗೆ ಇರುವ ಹೆಸರು 'ಕ್ಯಾಶುವಲ್ ವ್ಯೂವರ್'. ಅಂದರೆ ಲೆಕ್ಕಕ್ಕಿಲ್ಲದವರು.

ಈಗ ಚಿಕ್ಕಮ್ಮನ ಮನೆ. ಬೆಟ್ಟದ ಹತ್ತಿರದ ಹಳ್ಳಿ, ಮೊಳಕಾಲ್ಮೂರು ತಾಲೂಕು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು ಅಂತ ಗೊತ್ತಲ್ಲ, ಆ ಮನೆಯಲ್ಲೂ ಮಗ್ಗ ಇತ್ತು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಟೀವಿ ಇದ್ದದ್ದು ಮಗ್ಗದ ಹಿಂದಿನ ಗೋಡೆಗೆ, ಅಂದರೆ ಚಿಕ್ಕಪ್ಪನ ಬೆನ್ನಿಗೆ. ಬೇರೆ ಕಡೆ ಜಾಗ ಇರಲಿಲ್ಲ, ಪ್ಲಗ್ ಪಾಯಿಂಟೂ ಇರಲಿಲ್ಲ. ಚಿಕ್ಕಮ್ಮ ಪಕ್ಕದಲ್ಲಿ ರಾಟೆ ಹಿಡಿದು ಕಂಡಿಕೆ ಸುತ್ತುತ್ತಾ ಆಗೊಮ್ಮೆ ಈಗೊಮ್ಮೆ ಕತ್ತೆತ್ತುತ್ತಿದ್ದಳು. ಚಿಕ್ಕಪ್ಪ ಮಾತ್ರ ಹದಿನೈದು ವರ್ಷ ಸೀರಿಯಲ್ ನೋಡಿದ್ದು ಕಿವಿಯಿಂದ. ಒಮ್ಮೆ ಎಳೆ ತುಂಡಾಗಿ ಎದ್ದವನು ತಿರುಗಿ ನೋಡಿ, "ಇವಳಾ ಆ ಅತ್ತೆ? ನಾನು ದಪ್ಪಗಿದ್ದಾಳೆ ಅಂದ್ಕೊಂಡಿದ್ದೆ" ಅಂದಿದ್ದ. ಆ ಧಾರಾವಾಹಿಗೆ ಆಗಲೇ ಮೂರು ವರ್ಷ ಆಗಿತ್ತು.

ನಮ್ಮ ಧಾರಾವಾಹಿಗಳನ್ನು ನಾವು ಯಾಕೆ ಆಡಿಕೊಳ್ತೀವಿ ನೆನಪಿಸಿಕೊಳ್ಳಿ. ಒಬ್ಬಳೇ ಇದ್ದಾಗಲೂ ಜೋರಾಗಿ ಮಾತಾಡ್ತಾಳೆ. "ಈ ಪತ್ರ ಅವಳ ಕೈಗೆ ಸಿಕ್ಕಿದ್ರೆ ನನ್ನ ಕಥೆ ಮುಗೀತು!" ಅಂತ ಪತ್ರ ಹಿಡಿದುಕೊಂಡೇ ಹೇಳ್ತಾಳೆ. ಒಳ್ಳೆಯವರು ಬಂದರೆ ಕೊಳಲು, ಕೆಟ್ಟವರು ಬಂದರೆ ಡಮಾರ್. ಒಬ್ಬರ ಹೆಸರನ್ನು ಒಂದು ವಾಕ್ಯದಲ್ಲಿ ಮೂರು ಸಲ ಕರೀತಾರೆ. ಮುಖದ ಮೇಲೆ ಮೂರು ಸಲ ಝೂಮ್ ಆಗುವುದನ್ನು ಪಕ್ಕಕ್ಕಿಡಿ, ಅದಕ್ಕೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ. ಉಳಿದದ್ದನ್ನು ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ. ಎಲ್ಲವೂ ಅರ್ಥ ಆಗುತ್ತೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವಾಗ ಎರಡು ಮಾತು ತಪ್ಪಿಹೋದರೂ ಕಥೆ ತಪ್ಪಲ್ಲ, ಯಾಕಂದ್ರೆ ಅದನ್ನೇ ಮತ್ತೆ ಹೇಳ್ತಾರೆ. ಕೈ ಕೆಲಸದಲ್ಲಿರುವವರಿಗೆ ಮಾಡಿದ ಕಲೆ ಅದು. ರೊಟ್ಟಿ ತಟ್ಟುವವರಿಗೆ, ಹುಣಸೆಹಣ್ಣು ಬಿಡಿಸುವವರಿಗೆ, ನೇಯುವವರಿಗೆ. ನಾವು ಅದನ್ನು ಸಿನಿಮಾದ ಅಳತೆಗೋಲಿನಲ್ಲಿ ಅಳೆದು, ಉದ್ದ ಸಾಲದು ಅಂತೀವಿ.

ತಮಾಷೆ ಏನಂದ್ರೆ, ಜಗತ್ತಿನ ಅತಿ ದೊಡ್ಡ ಓಟಿಟಿಯೂ ಈಗ ಅಲ್ಲಿಗೇ ಬಂದಿದೆಯಂತೆ. 2024ರ ಕೊನೆಯಲ್ಲಿ ಅಮೆರಿಕದ 'ಎನ್ ಪ್ಲಸ್ ಒನ್' ಪತ್ರಿಕೆಯಲ್ಲಿ ವಿಲ್ ಟ್ಯಾವ್ಲಿನ್ ಅನ್ನುವವರು ನೆಟ್‌ಫ್ಲಿಕ್ಸ್ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಅದರ ಹೆಸರೇ 'ಕ್ಯಾಶುವಲ್ ವ್ಯೂಯಿಂಗ್'. ಪಾತ್ರ ತಾನು ಏನು ಮಾಡ್ತಿದೆ ಅನ್ನುವುದನ್ನು ಬಾಯಲ್ಲಿ ಹೇಳಿಬಿಡಲಿ, ಬೇರೆ ಕೆಲಸ ಮಾಡ್ತಾ ಹಿನ್ನೆಲೆಯಲ್ಲಿ ಹಾಕಿಕೊಂಡವರಿಗೂ ಕಥೆ ಗೊತ್ತಾಗಬೇಕು ಅಂತ ಚಿತ್ರಕಥೆ ಬರೆಯುವವರಿಗೆ ಸೂಚನೆ ಬರುತ್ತೆ ಅಂತ ಅದರಲ್ಲಿದೆ. ಓದಿ ನಮ್ಮ ಟೇಬಲ್ಲಿನವರೆಲ್ಲ ಥೂ ಅಂದೆವು. ಚಿಕ್ಕಪ್ಪನಿಗೆ ಹೇಳಿದ್ದರೆ, "ಅದ್ರಾಗೇನಪ್ಪ ತಪ್ಪು?" ಅಂತಿದ್ದ.

ತಪ್ಪು ಇದೆ ಅಂತಲೇ ನನ್ನ ವಾದ. ಚಿಕ್ಕಪ್ಪನ ಕಣ್ಣು ಮಗ್ಗದ ಮೇಲೆ ಇರಲೇಬೇಕಿತ್ತು, ಇಲ್ಲಾಂದ್ರೆ ಜರಿ ಅಂಚು ಕೆಡುತ್ತಿತ್ತು. ನನ್ನ ಕಣ್ಣು ಎಲ್ಲಿರುತ್ತೆ? ಒಂದು ಸ್ಕ್ರೀನಿನಲ್ಲಿ ಸೀರೀಸ್, ಇನ್ನೊಂದರಲ್ಲಿ ಆಫೀಸಿನ ಚಾಟ್, ಕೈಯಲ್ಲಿ ಫೋನು. ಟೈಟಲ್ ಸಾಂಗ್ ಬಂದರೆ ಸ್ಕಿಪ್. ಬೇಜಾರಾದರೆ ಹತ್ತು ಸೆಕೆಂಡ್ ಮುಂದೆ. ಇನ್ನೂ ಬೇಜಾರಾದರೆ ಒಂದೂವರೆ ಪಟ್ಟು ವೇಗ. 'ಏಕಂ' ನಿಧಾನ ನನಗೆ ಹಿಡಿಸಿತು ಅಂದೆನಲ್ಲ, ಅದರಲ್ಲಿ ಎರಡು ಕಥೆಗಳನ್ನು ನಾನು ಮೆಟ್ರೋದಲ್ಲಿ ನಿಂತುಕೊಂಡು ನೋಡಿದ್ದು. ಆದರೂ ಐದು ಸ್ಟಾರ್ ಕೊಟ್ಟೆ. ಒಂದೇ ಧಾರಾವಾಹಿಗೆ ವರ್ಷಗಟ್ಟಲೆ ದಿನಾ ಅರ್ಧ ಗಂಟೆ ಕಿವಿ ಕೊಟ್ಟವರು ಕ್ಯಾಶುವಲ್ಲು, ನಾನು ಸೀರಿಯಸ್ಸು.

ಹಾಗಂತ ಧಾರಾವಾಹಿಗಳೆಲ್ಲ ಅಪ್ಪಟ ಜನಪದ ಕಲೆ ಅಂತ ಮಂಗಳಾರತಿ ಎತ್ತೋಕೆ ನಾನು ತಯಾರಿಲ್ಲ. ಚಿಕ್ಕಮ್ಮನೂ ತಯಾರಿಲ್ಲ. ಅವಳಷ್ಟು ಕಟುವಾಗಿ ಅವುಗಳನ್ನು ಬೈಯುವವರನ್ನು ನಾನು ನೋಡಿಲ್ಲ. 'ಪುಟ್ಟಗೌರಿ ಮದುವೆ'ಯಲ್ಲಿ ಗೌರಿ ಬೆಟ್ಟದಿಂದ ಬಿದ್ದೂ ಬದುಕಿದಾಗ ನಾವೆಲ್ಲ ಮೀಮ್ ಮಾಡಿ ನಕ್ಕೆವು. ಚಿಕ್ಕಮ್ಮ ನಗಲಿಲ್ಲ, ಸಿಟ್ಟಾದಳು. ಮೊನ್ನೆ ಬೆಟ್ಟದ ಮೇಲೆ ಆ ಮಾತು ಮತ್ತೆ ತೆಗೆದಳು.

"ಸಾಯೋರು ಸಾಯ್ಬೇಕು ಕಣಪ್ಪ. ಈ ಬೆಟ್ಟದಾಗೆ ಬಿದ್ದ ಜಟಾಯುನೇ ಬದುಕ್ಲಿಲ್ಲ. ಅವ್ನು ಎದ್ದು ಹಾರಿದ್ರೆ ರಾಮ ಯಾಕೆ ಇಲ್ಲಿ ಲಿಂಗ ಇಡ್ತಿದ್ದ?"

ಇದಕ್ಕಿಂತ ಒಳ್ಳೆಯ ವಾಕ್ಯ ನಾನು ಟೀವಿ ವಿಮರ್ಶೆಯಲ್ಲಿ ಓದಿಲ್ಲ. ಸಾವಿಗೆ ಬೆಲೆ ಇಲ್ಲದ ಕಥೆಯಲ್ಲಿ ಯಾವುದಕ್ಕೂ ಬೆಲೆ ಇರಲ್ಲ. ಜಟಾಯು ಸೋಲ್ತಾನೆ, ಸಾಯ್ತಾನೆ, ಆದರೆ ಸಾಯುವ ಮುಂಚೆ ಕಂಡದ್ದನ್ನು ಹೇಳ್ತಾನೆ. ಕಥೆ ಮುಂದಕ್ಕೆ ಹೋಗುವುದೇ ಅದರಿಂದ. ಗುರುವಾರ ಬರುವ ಟಿಆರ್‌ಪಿಗೆ ಕಾದು ಕೂತವರು ಜಟಾಯುವನ್ನು ಸಾಯಲು ಬಿಡಲ್ಲ. ಪ್ಲಾಸ್ಟಿಕ್ ಸರ್ಜರಿ ಮಾಡಿಸಿ ವಾಪಸ್ ಕರೆತರ್ತಾರೆ. (ಜಟಾಯು ಬಿದ್ದದ್ದು ನಮ್ಮಲ್ಲಿ ಅಂತ ಆಂಧ್ರದ ಲೇಪಾಕ್ಷಿಯವರೂ ಹೇಳ್ತಾರೆ, ಕೇರಳದ ಚಡಯಮಂಗಲದವರೂ ಹೇಳ್ತಾರೆ. ಚಿಕ್ಕಮ್ಮ ಅವುಗಳನ್ನು ರೀಮೇಕ್ ಅಂತ ತಳ್ಳಿಹಾಕಿದಳು.)

ಜಟಾಯುವಿನ ಮಾತು ಬಂದದ್ದಕ್ಕೆ ಇನ್ನೊಂದು ನೆನಪು. 2020ರ ಮಾರ್ಚ್ 28ರಿಂದ ದೂರದರ್ಶನ ರಮಾನಂದ ಸಾಗರರ 'ರಾಮಾಯಣ'ವನ್ನು ಮರುಪ್ರಸಾರ ಮಾಡಿತಲ್ಲ, ಆಗ ಲಾಕ್‌ಡೌನ್. ರೇಷ್ಮೆ ಬರುತ್ತಿರಲಿಲ್ಲ, ಸೀರೆ ಹೋಗುತ್ತಿರಲಿಲ್ಲ, ಮಗ್ಗ ನಿಂತಿತ್ತು. ಚಿಕ್ಕಪ್ಪ ಮೊದಲ ಸಲ ಮಗ್ಗದ ಗುಂಡಿಯಿಂದ ಮೇಲೆ ಬಂದು ಟೀವಿಗೆ ಎದುರಾಗಿ ಕೂತ. ಹಿಂದಿ ಬರಲ್ಲ, ಹಾಗಾಗಿ ಕಿವಿ ಉಪಯೋಗಕ್ಕಿಲ್ಲ, ಕಣ್ಣೇ ಗತಿ. ಏಪ್ರಿಲ್ 16ರಂದು 7.7 ಕೋಟಿ ಜನ ನೋಡಿದರು, ವಿಶ್ವದಾಖಲೆ ಅಂತ ದೂರದರ್ಶನ ಹೇಳಿಕೊಂಡಿತು. ದಾಖಲೆ ನಿಜವೇ ಅಂತ ಆಮೇಲೆ ಜಗಳಗಳಾದವು. ಅದು ಬಿಡಿ. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂತು. ಅಷ್ಟರಲ್ಲಿ ಮಗ್ಗಕ್ಕೂ ಒಂದಿಷ್ಟು ಕೆಲಸ ಬಂದಿತ್ತು. ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದು ನೆನಪಿದೆ: "ಕನ್ನಡದಾಗೆ ಬಂತಲ್ಲ, ಇನ್ನು ತಿರುಗಿ ಕೂತು ನೇಯ್ಬಹುದು."

ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ಎಷ್ಟು ವರ್ಷ ಜಗಳ ಆಡಿದೆವು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡ ಟೀವಿಗೆ ಬರಲಿಲ್ಲ. ನಮ್ಮ ಕಲಾವಿದರ ಅನ್ನ, ನುಡಿಯ ಸೊಗಡು, ಎರಡೂ ಕಡೆ ವಾದಗಳು ಇದ್ದವು. ಡಬ್ ಆದ ಮಾತು ಮರ ಮರ ಅನ್ನಿಸುತ್ತೆ ಅಂತ ನಾನೂ ಬರೆದಿದ್ದೆ. ಅಷ್ಟೂ ಚರ್ಚೆಯಲ್ಲಿ, ಕಣ್ಣು ಬಿಡುವಿಲ್ಲದ ಒಬ್ಬ ನೇಕಾರನಿಗೆ ಅದು ಏನು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಇನ್ನು ನಮ್ಮ ಓಟಿಟಿಗಳ ಕಥೆ. ಕನ್ನಡದಲ್ಲಿ ನೋಡುವವರಿಲ್ಲ ಅಂತ ಸೀರೀಸ್ ಕೊಳ್ಳಲ್ಲ, ಸೀರೀಸ್ ಇಲ್ಲ ಅಂತ ನೋಡುವವರು ಬರಲ್ಲ. ಚಿಕ್ಕಮ್ಮ ಚಂದಾದಾರಳಲ್ಲ, ಆದ್ದರಿಂದ ಆ ಲೆಕ್ಕದಲ್ಲಿ ಇಲ್ಲ. ಟಿಆರ್‌ಪಿ ಮೀಟರೂ ಅವಳ ಮನೆಯಲ್ಲಿಲ್ಲ, ಈ ಲೆಕ್ಕದಲ್ಲೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಝೀ5ನಲ್ಲಿ ರಮೇಶ್ ಇಂದಿರಾ ನಿರ್ದೇಶನದ 'ಅಯ್ಯನ ಮನೆ' ಬಂತು. ಚಿಕ್ಕಮಗಳೂರಿನ ಕಡೆಯ ಹಳೇ ಮನೆ, ಹೊಸ ಸೊಸೆ, ಹಿಂದಿನ ಸೊಸೆಯಂದಿರ ಸಾವು, ಚಿಕ್ಕ ಚಿಕ್ಕ ಏಳು ಕಂತು. ನಮ್ಮ ಟೇಬಲ್ಲಿನಲ್ಲಿ ಅದಕ್ಕೆ ಸಿಕ್ಕ ತೀರ್ಪು "ಸೀರಿಯಲ್ ಥರ ಇದೆ ಗುರೂ." ಹೌದು, ಹಿನ್ನೆಲೆ ಸಂಗೀತ ಬೇಕಾದ್ದಕ್ಕಿಂತ ಜೋರು. ಆದರೆ ಚಿಕ್ಕಮ್ಮ ಒಂದೇ ರಾತ್ರಿಯಲ್ಲಿ ಏಳೂ ಕಂತು ನೋಡಿದ್ದಳು. ಅವಳ ಸಂತೋಷಕ್ಕೆ ಕಾರಣ ಭಯ ಅಲ್ಲ, ಸಸ್ಪೆನ್ಸೂ ಅಲ್ಲ. "ಮುಗೀತಲ್ಲಪ್ಪ! ಶುರುವಾಗಿದ್ದು ಮುಗೀತಲ್ಲ!" ಮೂವತ್ತು ವರ್ಷದಲ್ಲಿ ಅವಳು ಕೊನೆ ಕಂಡ ಧಾರಾವಾಹಿಗಳನ್ನು ಬೆರಳಲ್ಲಿ ಎಣಿಸಬಹುದಂತೆ.

ಮೇಲೆ ದೇವಸ್ಥಾನದ ಬಳಿ ಅಶೋಕನ ಶಾಸನದ ಬಂಡೆ ಇದೆ. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿಯದು, ಬ್ರಹ್ಮಗಿರಿಯದು, ಸಿದ್ದಾಪುರದ್ದು ಮೂರನ್ನೂ ಬೆಳಕಿಗೆ ತಂದರು. ಬರೆದ ಲಿಪಿಕಾರ ಚಪಡ ಕೊನೆಗೆ ತನ್ನ ಕೆಲಸದ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದುಕೊಂಡಿದ್ದಾನೆ, ಎಂಡ್ ಕ್ರೆಡಿಟ್ಸ್ ಥರ. ಇಲ್ಲಿಯ ಪ್ರತಿ ಮಾತ್ರ ತುಂಬ ಸವೆದಿದೆ. ಆ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹಾಕುತ್ತಿದ್ದರು. ಚಕ್ರವರ್ತಿಯ ಸಂದೇಶದ ಮೇಲೆ ಬಳೆ ಹರಡಿ ಮಾರಿದ ಜನ! ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಅನ್ನುವುದು ಆ ಶಾಸನದ ಸಾರ. ನಾನು ಇದನ್ನೆಲ್ಲ ಚಿಕ್ಕಮ್ಮನಿಗೆ ವಿವರಿಸಿದೆ. ಅವಳು ಕೇಳಿದಳು, ಆಮೇಲೆ ತಾನು ಮದುವೆಯಾದ ವರ್ಷ ಜಾತ್ರೆಯಲ್ಲಿ ಇಲ್ಲೇ ಎಲ್ಲೋ ಹಸಿರು ಬಳೆ ತೊಟ್ಟಿದ್ದನ್ನು ಹೇಳಿದಳು.

ಚಿಕ್ಕಪ್ಪ ಹೋಗಿ ಎರಡು ವರ್ಷ ಆಯ್ತು. ಮಗ್ಗ ಬಿಚ್ಚಿ ಮಾರಿದ್ದಾಯ್ತು, ಗುಂಡಿಗೆ ಮಣ್ಣು ತುಂಬಿ ಸಿಮೆಂಟ್ ಹಾಕಿಸಿದ್ದೂ ಆಯ್ತು. ಇಳಿಯುವಾಗ ನಾನು ಮತ್ತೆ ಕೇಳಿದೆ, "ಅಲ್ಲ ಚಿಕ್ಕಮ್ಮ, 'ಏಕಂ' ನಿಜವಾಗ್ಲೂ ಅಷ್ಟು ಕೆಟ್ಟದಾಗಿತ್ತಾ?"

"ಕೆಟ್ಟದು ಅಂತ ಯಾರಂದ್ರು? ಚೆನ್ನಾಗೈತೆ. ಮಳೆ ಎಷ್ಟು ಚೆಂದ. ಆದ್ರೆ ಅವ್ರು ಸುಮ್ನೆ ಕೂತ್ಕೊಂಡಾಗ ಮನೇನೂ ಸುಮ್ನಾಗಿಬಿಡ್ತೈತೆ ಕಣಪ್ಪ. ಮಗ್ಗದ ಸದ್ದೂ ಇಲ್ಲ ಈಗ. ಅದಕ್ಕೇ ಎದ್ದು ಆಫ್ ಮಾಡ್ದೆ."

ನಾನು ಏನೂ ಹೇಳಲಿಲ್ಲ. 'ಏಕಂ' ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಂಥವು ಇನ್ನೂ ಬರಬೇಕು, ಯಾರಾದರೂ ಕೊಳ್ಳಬೇಕು. ಆದರೆ ಇಬ್ಬರು ಫ್ಲಾಟ್‌ಮೇಟ್‌ಗಳು, ಹೊರಗೆ ಔಟರ್ ರಿಂಗ್ ರೋಡಿನ ಹಾರ್ನು, ಮಧ್ಯೆ ಹೆಡ್‌ಫೋನ್ ಹಾಕಿಕೊಂಡವನಿಗೆ ಮೌನ ಒಂದು ಸವಲತ್ತು. ಅದಕ್ಕೆ 149 ರೂಪಾಯಿ ಕೊಡಬಹುದು. ನಾನು ಚೀಟಿ ಅಂಟಿಸಿ ಬಂದಿದ್ದು ಎಂಥ ಮನೆಯಲ್ಲಿ ಅಂತ ಆಗ ಹೊಳೆದಿರಲಿಲ್ಲ.

ಸಂಜೆ ಅವಳ ಧಾರಾವಾಹಿ ನೋಡಲು ಕೂತೆ. ಫೋನ್ ಆ ಕಡೆ ಇಡು ಅಂದಳು. ಇಟ್ಟೆ. ಜಾಹೀರಾತು ಬಂದಾಗ ಎರಡು ಸಲ ಕೈ ತಾನಾಗೇ ಫೋನಿನ ಕಡೆ ಹೋಯ್ತು, ಎರಡು ಸಲವೂ ನೋಡಿದಳು. ಯಾರು ಯಾರ ಮಗಳು, ಆ ಆಸ್ತಿ ಪತ್ರ ಈಗ ಯಾರ ಹತ್ತಿರ ಇದೆ, ಎರಡನೇ ಸೊಸೆಯನ್ನು ಯಾಕೆ ನಂಬಬಾರದು, ಎಲ್ಲ ಹೇಳಿದಳು. ಟೀವಿಯಲ್ಲಿ ಅತ್ತೆ ಜೋರಾಗಿ ಏನೋ ಶಪಥ ಮಾಡ್ತಿದ್ದಳು. ನಾನು ಕೂತಿದ್ದು ಸಿಮೆಂಟ್ ಹಾಕಿದ ಜಾಗದಲ್ಲೇ. ಸ್ವಲ್ಪ ಪಕ್ಕಕ್ಕೆ ಸರಿ, ಅಲ್ಲಿ ತಣ್ಣಗಿರ್ತೈತೆ ಅಂತ ಚಾಪೆ ಎಳೆದು ಹಾಕಿದಳು.